ಕೆಂಪಾಗದ ತಂತಿ

ಇನ್ನೂ ಕೆಂಪಾಗಲಿಲ್ಲ, ಸ್ಟಾರ್ಟರಿನ ಹಿಡಿ ಎಳೆದು ಎಳೆದು ಬೆರಳು ಸೋತವು, ಡ್ಯಾಶ್‌ಬೋರ್ಡಿನ ಆ ಸಣ್ಣ ಜಾಳಿಗೆಯ ಹಿಂದೆ ತಂತಿಯ ಸುರುಳಿ ಹಾಗೆಯೇ ಬೂದುಬಣ್ಣಕ್ಕೆ ಕೂತಿದೆ, ಪೂವಪ್ಪ ಇನ್ನೊಮ್ಮೆ ಬಗ್ಗಿ ನೋಡಿದ, ಇಲ್ಲ, ಪೆಟ್ರೋಲ್ ಗಾಡಿಯಾದರೆ ಒಂದು ಕಿಡಿ ಸಾಕು, ಈ ಡೀಸೆಲ್ಲಿಗೆ ಮೊದಲು ಹೊಟ್ಟೆ ಕಾಯಬೇಕು, ಅದರಲ್ಲೂ ಜನವರಿಯ ಬೆಳಗ್ಗೆ, ನಾಲ್ಕು ಸಿಲಿಂಡರಿಗೆ ನಾಲ್ಕು ಗ್ಲೋ ಪ್ಲಗ್, ಒಳಗೆ ಅವು ಕೆಂಡವಾದದ್ದು ಹೊರಗೆ ಕಾಣುವುದಿಲ್ಲ ಅಂತಲೇ ಈ ಸುರುಳಿ ಇಟ್ಟಿದ್ದಾರೆ, ಇದು ಕೆಂಪಾದರೆ ಅವೂ ಕಾದವು, ಇದು ಸತ್ತಿದ್ದರೆ ಎಲ್ಲೋ ತಂತಿ ಕಡಿದಿದೆ — ಮತ್ತೆ ಇವತ್ತೇ ಕಡಿಯಬೇಕೇ, ಸದಾನಂದ ರಾಯರನ್ನು ಪರೇಲಿನ ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ, ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದ ಮನುಷ್ಯ ಬೆಳಗಿನಿಂದ ಅಂಗಿ ತೊಟ್ಟು ಕಾಯುತ್ತಿರುತ್ತಾರೆ, ಟ್ಯಾಕ್ಸಿಯ ಕುಲುಕಾಟ ಬೇಡ, ನಮ್ಮ ಪೂವಪ್ಪನೇ ಬರಲಿ ಅಂದಿದ್ದಾರಂತೆ, ಅವರ ಹೋಟೆಲಿನ ತರಕಾರಿ ಹೊತ್ತದ್ದೂ ಈ ಗಾಡಿಯೇ, ದೇವರ ಪೂಜೆಗೆ ಹೋದದ್ದೂ ಇದೇ, ಎಲ್ಲಕ್ಕೂ ಇವನೇ ಡ್ರೈವರ್, ಇವನೇ ಮಿಸ್ತ್ರಿ.

ಬಾನೆಟ್ ಎತ್ತಿದರೆ ತಣ್ಣನೆಯ ಎಣ್ಣೆಯ ವಾಸನೆ, ಹಳೆಯ ಸ್ನೇಹಿತನ ಹೆಗಲಿನ ಹಾಗೆ, ಇಲ್ಲಿ ಬಗ್ಗಿದರೆ ಮಾತ್ರ ಮನಸ್ಸು ಒಂದು ಕಡೆ ನಿಲ್ಲುತ್ತದೆ, ನಾಲ್ಕೂ ಪ್ಲಗ್ಗು ಒಬ್ಬರ ಕೈ ಒಬ್ಬರು ಹಿಡಿದುಕೊಂಡ ಮಕ್ಕಳಂತೆ ಒಂದೇ ತಂತಿಯಲ್ಲಿ, ಕರೆಂಟು ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗಬೇಕು, ಒಂದು ಸತ್ತರೆ ನಾಲ್ಕೂ ಸತ್ತಂತೆ, ಯಾವುದು ಸತ್ತದ್ದು ಅಂತ ತಿಳಿಯಲು ಒಂದೊಂದರ ಎರಡು ತುದಿಗೂ ಸ್ಕ್ರೂಡ್ರೈವರ್ ಅಡ್ಡ ಇಡಬೇಕು, ಸತ್ತದ್ದನ್ನು ಹಾಗೆ ದಾಟಿಸಿಬಿಟ್ಟರೆ ಉಳಿದ ದಾರಿಗೆ ಜೀವ ಬಂದು ಒಳಗೆ ಸುರುಳಿ ಕೆಂಪಾಗುತ್ತದೆ, ಆದರೆ ಹಿಡಿ ಎಳೆದು ಹಿಡಿಯಲು ಒಬ್ಬರು ಬೇಕು, ವಿನೋದಿನಿ ಅಕ್ಕಾ ಅಂತ ಬಿಲ್ಡಿಂಗಿನ ಮೇಲಕ್ಕೆ ಕೂಗಿದ, ರಾಯರ ಹೆಂಡತಿ ಫ್ಲಾಸ್ಕು, ಶಾಲು ಹಿಡಿದುಕೊಂಡೇ ಇಳಿದು ಬಂದರು, ಏನಾಯ್ತು ಪೂವಪ್ಪ, ಏನಿಲ್ಲ ಅಕ್ಕ, ಒಳಗೆ ಕೂತು ಈ ಹಿಡಿಯನ್ನೊಂದು ಅರ್ಧಕ್ಕೆ ಎಳೆದು ಹಿಡೀರಿ, ಏನಾದರೂ ಹೆಚ್ಚುಕಮ್ಮಿ ಕಂಡರೆ ಹೇಳಿ. ಮೊದಲನೆಯದಕ್ಕೆ ಇಟ್ಟ, ಅವರು ಏನೂ ಹೇಳಲಿಲ್ಲ, ಎರಡನೆಯದು, ಮೂರು, ನಾಲ್ಕು, ಏನೂ ಇಲ್ಲ, ಹಾಗಾದರೆ ಎರಡು ಸತ್ತಿವೆಯೋ, ಇಲ್ಲ ಬೆಸುಗೆ ಬಿಟ್ಟಿದೆಯೋ — ಕಣ್ಣು ಹತ್ತಿರ ತಂದಷ್ಟೂ ನಡುವೆ ಒಂದು ಮಸುಕು, ಅಂಚಿನಲ್ಲಿ ಕಾಣುತ್ತದೆ, ನೆಟ್ಟಗೆ ನೋಡಿದ್ದು ಅಳಿಸಿಹೋಗುತ್ತದೆ, ನಿದ್ದೆ ಕಡಿಮೆ, ಅಷ್ಟೇ, ದೀಪಾವಳಿಗೆ ಹೆಂಡತಿ ವಾರಿಜಾ ಕೆಂಪು ಸೀರೆ ಕೇಳಿದ್ದಳು, ಇವನು ತಂದದ್ದನ್ನು ಬಿಚ್ಚಿ ನೋಡಿ, ಅಯ್ಯೋ ಇದು ಮಣ್ಣಿನ ಬಣ್ಣವಲ್ಲವಾ ಮಾರಾಯ್ರೆ ಅಂತ ನಕ್ಕಳು, ಉಟ್ಟಳು ಪಾಪ, ಅಂಗಡಿಯವನು ಮೋಸ ಮಾಡಿದ ಅಂದಿದ್ದ ಇವನು — ತಂತಿ ಹಿಡಿದು ತಡಕುತ್ತ ಹೋದ ಕೈ ರೆಸಿಸ್ಟರಿಗೆ ತಾಗಿತು, ಚುರ್ ಅಂತು, ಬೆರಳ ತುದಿ ಬಾಯಿಗೆ ಹೋಯಿತು, ಚರ್ಮ ಸುಟ್ಟ ರುಚಿ.

ಸುಟ್ಟಿತು. ಸುಟ್ಟಿತು ಅಂದರೆ ಕರೆಂಟು ಹರಿಯುತ್ತಿದೆ, ಹರಿಯುತ್ತಿದೆ ಅಂದರೆ ದಾರಿ ಎಲ್ಲೂ ಕಡಿದಿಲ್ಲ, ನಾಲ್ಕೂ ಬದುಕಿವೆ, ಹಾಗಾದರೆ ಸುರುಳಿ ಯಾಕೆ — ಅಕ್ಕ, ಅಲ್ಲಿ ಜಾಳಿಗೆಯ ಹಿಂದೆ ತಂತಿ ಹೇಗುಂಟು, ಅಂತ ಕೇಳುವಾಗ ದನಿ ತನ್ನದಲ್ಲ ಅನ್ನಿಸಿತು, ಕೆಂಪಗುಂಟಲ್ಲ, ಆಗಿನಿಂದ ಕೆಂಪಗೇ ಉಂಟು, ಮತ್ತೆ ನೀವ್ಯಾಕೆ ಹೇಳಲಿಲ್ಲ ಅಂದ ಇವನು, ಕೆಂಪಾಗುವುದೇ ಸರಿಯಲ್ಲವೇ ಪೂವಪ್ಪ, ನೀವೇ ಕಲಿಸಿದ್ದು, ಅದಕ್ಕೇ ಸುಮ್ಮನಿದ್ದೆ. ಬಂದು ಬಗ್ಗಿ ನೋಡಿದ, ಬಿಸಿಲಿಗೆ ಕಾಣುವುದಿಲ್ಲ ಅಂದ, ಅವರು ಸೆರಗು ಅಡ್ಡ ಹಿಡಿದು ನೆರಳು ಮಾಡಿಕೊಟ್ಟರು, ಈಗ ನೋಡಿ, ಕೆಂಡದ ಹಾಗೆ ಉಂಟು ನೋಡಿ, ಇವನಿಗೆ ನೆರಳಿನಲ್ಲೂ ಬೂದಿ, ಬೂದಿಯ ಸುರುಳಿ, ಅದರ ಕಾವು ಮಾತ್ರ ಮೂಗಿಗೆ ತಾಗುತ್ತಿತ್ತು. ಅಕ್ಕನೇ ಹಿಡಿಯನ್ನು ಪೂರ್ತಿ ಎಳೆದರು, ಇಂಜಿನ್ ಕೆಮ್ಮಿ ಹೊಗೆ ಬಿಟ್ಟು ಹೊಡೆದುಕೊಂಡಿತು, ಆಯ್ತಲ್ಲ, ನಿಮ್ಮ ಕೈಗುಣ ಅಂದರೆ ಕೈಗುಣ, ಅಂತ ನಕ್ಕು ಹಿಂದಿನ ಸೀಟಿಗೆ ಹೋಗಿ ಕೂತರು, ಏನನ್ನೂ ರಿಪೇರಿ ಮಾಡಿರಲಿಲ್ಲ, ಕೆಟ್ಟದ್ದು ಗಾಡಿಯಲ್ಲಿ ಇರಲೇ ಇಲ್ಲ.

ಸ್ಟೇರಿಂಗಿಗೆ ಕೈಯಿಟ್ಟು ಕೂತ, ಹೊರಟರೆ ಆಯಿತು, ಯಾರಿಗೆ ಗೊತ್ತಾಗುತ್ತದೆ, ಮುಂದಿನ ಗಾಡಿ ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು, ತಿಂಗಳುಗಟ್ಟಲೆ ಹಾಗೇ ಅಲ್ಲವೇ, ಹಾಗೇ ಮಾಡುತ್ತಿದ್ದೆನೆಂದು ಈಗಲೇ ಗೊತ್ತಾದದ್ದು, ಆದರೆ ಮೊನ್ನೆ ದಾದರ್ ಸಿಗ್ನಲ್ಲಿನಲ್ಲಿ ಮುಂದೆ ಗಾಡಿ ಇರಲಿಲ್ಲ, ಪೊಲೀಸಿನವನ ಸೀಟಿ, ಒಬ್ಬಳು ಮುದುಕಿಯ ಬುಟ್ಟಿ ಬಂಪರಿಗೆ ತಾಗಿ ಉರುಳಿತು, ಅಂಧಾ ಹೈ ಕ್ಯಾ, ಕುರುಡನಾ ಅಂತ ಯಾರೋ ಕೂಗಿದರು, ಎಲ್ಲರಿಗೂ ಕೂಗುತ್ತಾರೆ ಹಾಗೆ, ಬೈಗುಳ ಅದು — ಮತ್ತು ಐತ, ಬೇಡ ಬೇಡ ಅಂದರೂ ಐತ, ಮಳೆಗಾಲದಲ್ಲಿ ವಾರಿಜಾ ಊರಿಗೆ ಹೋಗಿದ್ದಾಗ ಒಂದೇ ಖೋಲಿಯಲ್ಲಿ ಮಲಗುತ್ತಿದ್ದವನು, ಕುಡಿತ ನಿಷೇಧಿಸಿದ ಈ ದಾರುಬಂದಿಯ ಊರಿನಲ್ಲಿ ಕೊಳದ ಬದಿಯಲ್ಲಿ ಕದ್ದು ಮಾರುವ ಸಾರಾಯಿ ಬಾಟಲಿ, ಇಬ್ಬರೂ ಹಂಚಿಕೊಂಡದ್ದು, ಮರದ ಪಾಲಿಶಿನ ಸ್ಪಿರಿಟ್ ಬೆರೆಸಿದ್ದಂತೆ, ಮರುದಿನ ನಡು ಮಧ್ಯಾಹ್ನ ಬಾಗಿಲು ತೆರೆದೇ ಇತ್ತು, ದೀಪ ಹಚ್ಚು ಮಾರಾಯ, ಎಷ್ಟು ಕತ್ತಲೆ, ಅಂದ ಐತ, ಸಂಜೆಗೆ ಹೋದ, ಇವನಿಗೆ ಕೆಲವು ದಿನ ಮಂಜು ಮುಸುಕಿದ ಹಾಗಿತ್ತು, ಆಮೇಲೆ ತಿಳಿಯಾಯಿತು, ನಾನು ಬದುಕಿದೆ, ವಿಷ ನನ್ನನ್ನು ಬಿಟ್ಟಿತು ಅಂದುಕೊಂಡಿದ್ದ.

ಇಂಜಿನ್ ಹೊಡೆದುಕೊಳ್ಳುತ್ತಲೇ ಇತ್ತು, ಬಾಗಿಲು ತೆರೆದು ಇಳಿದ, ಅಕ್ಕ, ನೀವು ಮುಂದೆ ಬನ್ನಿ, ನೀವೇ ನಡೆಸಿ. ಯಾಕೆ, ನಾನಾ, ಇಷ್ಟು ದೂರವಾ, ನಾನು ಸಂಜೆ ಹೊತ್ತು ಖಾಲಿ ರಸ್ತೆಯಲ್ಲಿ ಕಲಿತದ್ದು ಮಾತ್ರ, ತಮಾಷೆ ಮಾಡಬೇಡಿ, ಅಂತ ನಕ್ಕರು, ತಮಾಷೆ ಅಲ್ಲ ಅಕ್ಕ, ನನಗೆ ಕೆಂಪು ಕಾಣುವುದಿಲ್ಲ, ಅಂದ, ಅಂದ ಮೇಲೆ ಮಾತು ಹೊರಗೆ ನಿಂತಿತ್ತು, ಇನ್ನು ಒಳಗೆ ಕರೆಯಲಾಗದ ಹಾಗೆ. ವಿನೋದಿನಿ ಅಕ್ಕನ ನಗು ಮುಖದಿಂದ ಇಳಿಯಲು ಹೊತ್ತು ಹಿಡಿಯಿತು, ವಾರಿಜಾಗೆ ಗೊತ್ತುಂಟಾ, ಇಲ್ಲ, ನನಗೇ ಈಗ ಗೊತ್ತಾದದ್ದು, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು ಕೂತರು, ಅವರನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ನಾಳೆಯೇ ಕಣ್ಣಿನ ಡಾಕ್ಟರಲ್ಲಿಗೆ ಹೋಗುವ, ನಾನೂ ಬರುತ್ತೇನೆ, ಈಗ ಪಕ್ಕದಲ್ಲಿ ಕೂತು ಹೇಳಿಕೊಡಿ. ಹೇಳುತ್ತೇನೆ ಅಕ್ಕ, ಗೇರು ನಾನು ಹೇಳುತ್ತೇನೆ, ಬಣ್ಣ ನೀವು ಹೇಳಿ. ಕ್ಲಚ್ ಮೆಲ್ಲ, ಮೆಲ್ಲ, ಎರಡನೆಯದಕ್ಕೆ ಹಾಕಿ, ಗಾಡಿ ಒಮ್ಮೆ ಜಿಗಿಯಿತು, ಆಮೇಲೆ ನೆಟ್ಟಗೆ ಹೋಯಿತು, ಆಗ್ರಾ ರೋಡಿಗೆ ಸೇರುವ ಮೊದಲು ರೈಲ್ವೆ ಫಾಟಕ, ಅಕ್ಕ ಬ್ರೇಕು ಒತ್ತಿದರು, ಸರಿಯಾಗಿ ಒತ್ತಿದರು, ಕೆಂಪು ಅಂದರು ಮೆಲ್ಲಗೆ, ಎಲ್ಲಿ, ಗೇಟಿನ ನಡುವೆ, ರಾತ್ರಿಯ ಲಾಟೀನು ಇನ್ನೂ ಉರಿಯುತ್ತಿದೆ. ನೋಡಿದ, ಸಾರಿನಲ್ಲಿ ಬೆಂದ ಬಂಗುಡೆಯ ಕಣ್ಣಿನ ಹಾಗೆ ದುಂಡಗೆ, ಬೆಳ್ಳಗೆ, ಲೋಕಲ್ ಬಂತು, ಬಾಗಿಲಲ್ಲಿ ಜೋತಾಡುವ ಜನ, ವಾರಿಜಾಗೆ ಹೇಗೆ ಹೇಳುವುದು, ಏನಂತ ಶುರು ಮಾಡುವುದು, ಬೋಗಿಯ ಹಿಂದೆ ಬೋಗಿ, ಸಂದಿನಲ್ಲಿ ಸಂದಿನಲ್ಲಿ ಆ ಬೆಂದ ಕಣ್ಣು, ರೈಲು ಹೋಯಿತು, ಬೆಂದ ಮೀನಿನ ಕಣ್ಣು, ಬೆಳ್ಳಗೆ, ಮುಚ್ಚದೆ, ಇವನನ್ನೇ ನೋಡುವ ಕಣ್ಣು.