ಮೀನಿಗೆ ಒಂದು ಹಿಡಿ ಪುರಿ

ನನ್ನ ಗಂಡ ರಾಮಪ್ರಸಾದ ಮನೆಯಲ್ಲಿ ಜಿರಲೆ ಕಂಡರೆ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು, ಬಾಲ್ಕನಿಗೆ ಒಯ್ದು, ಹುಷಾರಾಗಿ ಬಿಟ್ಟು ಬರುವ ಮನುಷ್ಯ. ಅವನು ಕೈ ತೊಳೆದುಕೊಳ್ಳುವಷ್ಟರಲ್ಲಿ ಜಿರಲೆ ಅಡುಗೆಮನೆ ಕಿಟಕಿಯಿಂದ ಒಳಗೆ ಬಂದಿರುತ್ತದೆ. ಅಂಥವನು ಮೀನು ಹಿಡಿಯಲು ಹೊರಟಿದ್ದೇ ಒಂದು ತಮಾಷೆ.

ಜಪಾನಿನ ನಗೋಯಾದ ಅವನ ಆಫೀಸಿನಲ್ಲಿ ಮೋರಿತಾ ಸಾನ್ ಎಂಬ ಹಿರಿಯರಿದ್ದಾರೆ. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದನ್ನು ಇವನಿಗೆ ಕಲಿಸಿದವರು ಅವರೇ, ಭಾನುವಾರ ಬೆಟ್ಟದ ತೊರೆಗೆ ಕರೆದೊಯ್ದು ಫ್ಲೈ ಫಿಶಿಂಗ್ ಹುಚ್ಚು ಹಿಡಿಸಿದವರೂ ಅವರೇ. ಪುಕ್ಕ, ರೋಮ, ನೂಲು ಸುತ್ತಿ ಹುಳುವಿನಂತೆ ಮಾಡಿದ, ಫ್ಲೈ ಎಂಬ ಪುಟ್ಟ ಗಾಳವನ್ನು ನೀರಿನ ಮೇಲೆ ಹಗುರವಾಗಿ ಇಳಿಸಿ, ನಿಜವಾದ ಹುಳುವೇ ಬಿತ್ತೆಂದು ಟ್ರೌಟ್ ಮೀನನ್ನು ನಂಬಿಸುವ ಆಟ ಅದು. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ. ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದೆ. ನಿನಗೆ ಅರ್ಥವಾಗಲ್ಲ ಎಂದ. ಅವನಿಗೂ ಅರ್ಥವಾಗಿಲ್ಲವೆಂದು ಅಲ್ಲಿಗೆ ಗೊತ್ತಾಯಿತು.

ಎರಡು ವರ್ಷದಲ್ಲಿ ಮನೆಗೆ ಎದೆಯವರೆಗಿನ ರಬ್ಬರ್ ಪ್ಯಾಂಟು ಬಂತು, ಮೈತುಂಬ ಜೇಬಿರುವ ಅಂಗಿ ಬಂತು, ಟೋಪಿ ಬಂತು, ನೀರೊಳಗಿನದು ಕಾಣುವ ಕನ್ನಡಕ ಬಂತು. ಗಾಳಕ್ಕೆ ಮೀನು ಮಾತ್ರ ಬರಲಿಲ್ಲ.

ಈ ಸಲ ನಾನೇ ತಮಾಷೆಯನ್ನು ಸ್ವಲ್ಪ ಕಡಿಮೆ ಮಾಡಿದ್ದೆ. ಮೋರಿತಾ ಸಾನ್ ನಿವೃತ್ತರಾಗಿ, ದೂರದ ಹೊಕ್ಕಾಯ್ದೋದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಸೆಪ್ಟೆಂಬರ್ ಮುಗಿದರೆ ಆ ತೊರೆಯಲ್ಲಿ ಮೀನು ಹಿಡಿಯುವ ಕಾಲವೂ ಮುಗಿಯುತ್ತದೆ. ಉಳಿದಿದ್ದು ಕೊನೆಯ ಒಂದು ಭಾನುವಾರ. ಅವರ ಕಣ್ಣೆದುರು ಒಂದೇ ಒಂದು ಮೀನು ಹಿಡಿಯಬೇಕೆಂಬುದು ರಾಮಪ್ರಸಾದನ ಆಸೆ. ಸಂಜೆ ಆಫೀಸಿನಿಂದ ಬಂದವನೇ ಮನೆಯೆದುರಿನ ಪಾರ್ಕಿನಲ್ಲಿ ನಿಂತು ಗಾಳದ ಕೋಲಿನಿಂದ ಹುಲ್ಲಿನ ಮೇಲೆ ದಾರ ಬೀಸಿ ಅಭ್ಯಾಸ ಮಾಡುತ್ತಿದ್ದ. ನಾಯಿ ಕರೆದುಕೊಂಡು ಬಂದವರು ಸುತ್ತಿ ಬಳಸಿ ಹೋಗುತ್ತಿದ್ದರು.

ತೊಂದರೆಯೆಂದರೆ ಅದೇ ವಾರ ಮೈಸೂರಿನಿಂದ ನಮ್ಮತ್ತೆ ವೇದವಲ್ಲಿ ಬಂದಿದ್ದರು. ಮಗ ಫೋನಿನಲ್ಲಿ ಅವರಿಗೆ ಹೇಳಿದ್ದೇ ಬೇರೆ. ಇದು ಜಪಾನಿನ ಒಂದು ವಿದ್ಯೆ, ದಾರ ಬೀಸಿ ಬೀಸಿ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು, ಧ್ಯಾನದ ಥರ ಎಂದಿದ್ದ. ಮೀನಿನ ಹೆಸರೇ ಎತ್ತಿರಲಿಲ್ಲ. ಆ ಧ್ಯಾನ ತಾವೂ ನೋಡಬೇಕೆಂದು ಅತ್ತೆ ಭಾನುವಾರ ಬೆಳಿಗ್ಗೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಹೊರಟು ನಿಂತರು. ಹೇಗಾದರೂ ತಪ್ಪಿಸು ಎಂದು ಅವನು ನನಗೆ ಕಣ್ಸನ್ನೆ ಮಾಡಿದ. ನಾನು ಮೊಸರನ್ನ ಕಲಸುತ್ತಿದ್ದೆ. ಆ ತೊರೆಯಲ್ಲಿ ಮೀನಿದೆಯೇ ಎಂದು ಅತ್ತೆ ಕೇಳಿದರು. ಬೇಕಾದಷ್ಟಿದೆಯಂತೆ ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಅತ್ತೆ ಒಳಗೆ ಹೋಗಿ ಏನನ್ನೋ ಚೀಲಕ್ಕೆ ತುಂಬಿಕೊಂಡು ಬಂದರು.

ಆ ತೊರೆ ಬೆಟ್ಟದ ಬುಡದ ಒರತೆಯಲ್ಲಿ ಹುಟ್ಟಿ ಬರುತ್ತದೆ. ತಣ್ಣನೆ, ತಿಳಿ ನೀರು, ತಳದ ಕಲ್ಲು ಒಂದೊಂದೂ ಕಾಣುತ್ತದೆ. ಮೋರಿತಾ ಸಾನ್ ಬಾಗಿ ನಮಸ್ಕರಿಸಿದರು. ಅತ್ತೆ ಕೈಮುಗಿದು ಸುಮಿಮಾಸೆನ್ ಎಂದರು. ಕ್ಷಮಿಸಿ ಎಂದರ್ಥ; ಬಂದಂದಿನಿಂದ ಅವರು ಕಲಿತದ್ದು ಆ ಒಂದೇ ಜಪಾನಿ ಮಾತು. ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಹುಡುಗಿಗೂ ಅದೇ, ಲಿಫ್ಟಿನಲ್ಲಿ ಕಾಲು ತುಳಿದವರಿಗೂ ಅದೇ, ಟಿಕೆಟ್ ಮಿಷನ್ನಿಗೂ ಅದೇ.

ಬಾಗಿದ ಮರವೊಂದರ ನೆರಳಲ್ಲಿ ದೊಡ್ಡದೊಂದು ಟ್ರೌಟ್ ನಿಂತಿರುವುದನ್ನು ಮೋರಿತಾ ಸಾನ್ ತೋರಿಸಿದರು. ರಾಮಪ್ರಸಾದ ಕಂದು ಫ್ಲೈ ಬಿಟ್ಟ, ಹಸಿರು ಬಿಟ್ಟ, ಕಣ್ಣಿಗೂ ಕಾಣದಷ್ಟು ಸಣ್ಣದು ಬಿಟ್ಟ. ಮೀನು ಪ್ರತಿ ಸಲ ಮೇಲೆ ಬಂದು, ನೋಡಿ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋಗುವಂತೆ ಹೊರಟುಹೋಗುತ್ತಿತ್ತು. ದಡದ ಬಂಡೆಯ ಮೇಲೆ ಕೂತ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಚೀಲ ಬಿಚ್ಚಿದರು. ಚುರುಮುರಿಗೆಂದು ಮೈಸೂರಿನಿಂದ ತಂದ ಪುರಿ. ಒಂದು ಹಿಡಿ ತೆಗೆದು ತೊರೆಗೆ ಎಸೆದರು. ಶೃಂಗೇರಿಗೆ ಹೋದಾಗಲೆಲ್ಲ ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿ ಬಂದವರು ಅವರು. ಮೀನಿರುವ ನೀರಿಗೆ ಬರಿಗೈಯಲ್ಲಿ ಹೋಗುವುದುಂಟೇ?

ರಾಮಪ್ರಸಾದನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ತೊರೆಗೆ ತಿಂಡಿ ಎಸೆಯಬಾರದೆಂಬ ನಿಯಮವಿದೆ. ಆದರೆ ವಯಸ್ಸಾದ ಹೆಂಗಸಿಗೆ, ಅದೂ ಶಿಷ್ಯನ ತಾಯಿಗೆ, ಮೋರಿತಾ ಸಾನ್ ಹೇಗೆ ಹೇಳಿಯಾರು? ಹಲ್ಲಿನ ಸಂದಿಯಿಂದ ಉದ್ದಕ್ಕೆ ಉಸಿರೆಳೆದುಕೊಂಡರು, ಅಷ್ಟೆ. ಅಷ್ಟರಲ್ಲಿ ತೊರೆಯ ತುಂಬ ಮೀನುಗಳು ಎದ್ದವು. ಮರದ ಕೆಳಗಿನ ದೊಡ್ಡದೂ ನಿಧಾನಕ್ಕೆ ಬಂದು ಒಂದು ಪುರಿ ನುಂಗಿತು. ಇನ್ನೊಂದು ನುಂಗಿತು.

ಮೋರಿತಾ ಸಾನ್ ಅದನ್ನೇ ನೋಡುತ್ತ ನಿಂತರು. ಆಮೇಲೆ ಅತ್ತೆಯ ಮುಂದೆ ಬಾಗಿ ಕೈ ಚಾಚಿದರು. ಪಾಪ, ಹಸಿವೆಂದುಕೊಂಡು ಅತ್ತೆ ಬೊಗಸೆ ತುಂಬ ಕೊಟ್ಟರು. ಅವರು ಮರ್ಯಾದೆಗೆ ಅಷ್ಟನ್ನೂ ತಿಂದು, ಒಂದೇ ಒಂದು ಪುರಿ ಉಳಿಸಿಕೊಂಡರು. ತಮ್ಮ ಜೇಬಿನ ಡಬ್ಬಿಯಿಂದ ಬಿಳಿ ರೋಮದ ಫ್ಲೈ ಒಂದನ್ನು ತೆಗೆದು, ಆ ಪುರಿಯ ಪಕ್ಕದಲ್ಲಿಟ್ಟುಕೊಂಡು, ಪುಟ್ಟ ಕತ್ತರಿಯಲ್ಲಿ ಕತ್ತರಿಸಿ ಕತ್ತರಿಸಿ ಪುರಿಯ ಆಕಾರಕ್ಕೇ ತಂದರು. ಶಿಷ್ಯನ ದಾರಕ್ಕೆ ಕಟ್ಟಿಕೊಟ್ಟರು.

ಅತ್ತೆ ಎಸೆಯುತ್ತಲೇ ಇದ್ದ ಪುರಿಗಳ ನಡುವೆ ಫ್ಲೈ ಬಿತ್ತು. ದೊಡ್ಡ ಮೀನು ಬಂತು, ಈ ಸಲ ನೋಡಲೂ ಇಲ್ಲ, ಬಾಯಿ ಹಾಕಿತು. ಕೋಲು ಬಾಗಿತು. ನಾನು ಮೊಸರನ್ನದ ಡಬ್ಬಿ ಹಿಡಿದೇ ಎದ್ದು ನಿಂತಿದ್ದೆ. ಮೀನೆತ್ತುವ ಕೈಬಲೆಯೊಳಗೆ ಅದು ಮೈತುಂಬ ಕೆಂಪು ಚುಕ್ಕೆಯಿಟ್ಟುಕೊಂಡು ಹೊಳೆಯಿತು. ಮೋರಿತಾ ಸಾನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇವನು ಬಾಯಿ ತುಂಬ ನಗುತ್ತ ತಿರುಗಿದರೆ ನೀರಿನಂಚಿಗೆ ಅಮ್ಮ ಬಂದು ನಿಂತಿದ್ದರು. ಮುಷ್ಟಿಯಲ್ಲಿ ಪುರಿ ಹಾಗೇ ಇತ್ತು.

"ರಾಮು, ಅದು ನನ್ನ ಪುರಿ ತಿನ್ನಕ್ಕೆ ಬಂದಿದ್ದ ಮೀನಲ್ವೇನೋ?"

"ಹೌದಮ್ಮ."

"ಧ್ಯಾನ ಅಂದಿದ್ದೆ."

ಅವನು ನೀರೊಳಗೇ ಕೈಯಿಟ್ಟು ಗಾಳ ಬಿಡಿಸಿದ. ಮೀನು ಅವನ ಅಂಗೈಗಳ ನಡುವೆ ಸ್ವಲ್ಪ ಹೊತ್ತು ನಿಂತು, ಮರದ ಬುಡಕ್ಕೆ ಹೊರಟುಹೋಯಿತು.

"ಅದಕ್ಕೆ ನೋವಾಯ್ತಾ?"

"ಗೊತ್ತಿಲ್ಲಮ್ಮ. ಆಗಿರತ್ತೆ."

ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅತ್ತೆ ತೊರೆಯ ಕಡೆ ಕೈ ತೋರಿಸಿದರು. "ಇಲ್ಲಿ ಲಿಫ್ಟಲ್ಲಿ ಕಾಲು ತಾಗಿದ್ರೂ ಸುಮಿಮಾಸೆನ್ ಅಂತೀರಲ್ಲ. ಅದಕ್ಕೂ ಅನ್ನು."

ರಾಮಪ್ರಸಾದ ತೊರೆಗೆ ಎದುರಾಗಿ ನಿಂತು, ಬಾಗಿ, ಸುಮಿಮಾಸೆನ್ ಎಂದ. ನನಗೆ ನಗು ಬರಲಿಲ್ಲ. ನಾವು ಆಡಿದ ಮಾತಿನಲ್ಲಿ ಮೋರಿತಾ ಸಾನ್‌ಗೆ ಅರ್ಥವಾದದ್ದು ಅದೊಂದೇ. ಅವರು ಟೋಪಿ ತೆಗೆದು ಶಿಷ್ಯನ ಪಕ್ಕ ಬಂದು ತಾವೂ ಬಾಗಿದರು. ಇವನಿಗಿಂತ ಹೆಚ್ಚು ಬಾಗಿದರು, ಏಳಲು ತುಂಬ ಹೊತ್ತು ತೆಗೆದುಕೊಂಡರು. ಅವರು ಈ ತೊರೆಗೆ ಬರುತ್ತಿರುವುದು ಹುಡುಗರಾಗಿದ್ದಾಗಿನಿಂದ.

ಅತ್ತೆ ಮುಷ್ಟಿ ಬಿಚ್ಚಿ ಪುರಿ ಎಸೆದರು. ಬಿಳಿ ಕಾಳುಗಳು ಮರ ದಾಟಿ ತೇಲಿಹೋದವು. ಒಂದು ಮೀನೂ ಏಳಲಿಲ್ಲ. ಚೀಲದ ತಳದಲ್ಲಿ ಉಳಿದಿದ್ದನ್ನು ಮಗನ ಕೈಗೆ ಸುರಿದು, ನೀನು ಹಾಕು ಎಂದರು.

ಅವನು ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಪುರಿ ಹಾಕಿದ. ಎರಡು ವರ್ಷ ಯಾವ ಗಾಳವನ್ನೂ ಅಷ್ಟು ಆಸೆಯಿಂದ ಅವನು ನೋಡಿರಲಿಲ್ಲ. ಪುರಿ ತೇಲಿತು, ಸುತ್ತಿತು, ಕಲ್ಲಿಗೆ ತಗಲಿ ನಿಂತಿತು. ಆಮೇಲೆ ಆಚೆ ದಡದ ಹತ್ತಿರ ಬೆರಳುದ್ದದ ಮರಿಯೊಂದು ಮೂತಿ ತೂರಿಸಿ ಒಂದು ಕಾಳು ಎಳೆದುಕೊಂಡಿತು. ದೊಡ್ಡ ಮೀನು ಸಿಕ್ಕಾಗ ನಕ್ಕಿದ್ದ ನನ್ನ ಗಂಡ, ಎದೆಯವರೆಗಿನ ರಬ್ಬರ್ ಪ್ಯಾಂಟಿನಲ್ಲಿ ನಿಂತು ಅತ್ತುಬಿಟ್ಟ.

"ಇಷ್ಟಕ್ಕೆ ಅಷ್ಟೊಂದು ಸಾಮಾನು ಬೇಕಿತ್ತೇನೋ?" ಎಂದರು ಅತ್ತೆ. ನನ್ನ ಕಡೆ ತಿರುಗಿ, ಮೋರಿತಾ ಸಾನ್‌ಗೆ ಮೊದಲು ಮೊಸರನ್ನ ಬಡಿಸಲು ಹೇಳಿದರು.