ಗಂಟೆಗೆ ಹತ್ತು

ಯಮನೂರಸಾಬನಿಗೆ ಓದಲು ಬರುವುದಿಲ್ಲವೆಂಬುದು ಅವನ ಹೆಂಡತಿ ಜಮಾಲಬಿಯನ್ನು ಬಿಟ್ಟರೆ ಗಜೇಂದ್ರಗಡದಿಂದ ರೋಣದ ತನಕ ಯಾರಿಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಆ ದಾರಿಯಲ್ಲಿ ಬಸ್ಸು ಓಡಿಸಿದವನಿಗೆ ಓದುವ ಪ್ರಸಂಗವೇ ಬಂದಿರಲಿಲ್ಲ. ರಸ್ತೆಯ ಒಂದೊಂದು ತಗ್ಗೂ ಅವನಿಗೆ ಬಾಯಿಪಾಠ. ಆದರೆ ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ರಾಜೂರ ಶಾಲೆಯ ಮುಂದೆ ಹೊಸ ಬೋರ್ಡೊಂದು ನಿಂತಿತು.

"ಕಣ್ಣಾಗ ಧೂಳ ಬಿದ್ದೈತಿ, ಅದೇನ ಓದಪಾ," ಎಂದ ಅವನು ಕಂಡಕ್ಟರ್ ಕಳಕಪ್ಪನಿಗೆ.

ಮೇಲೆ 'ನಿಧಾನ' ಎಂದಿತ್ತು, ಕೆಳಗೆ 'ಗಂಟೆಗೆ ೧೦'. "ಹತ್ತ ಗಂಟೆಕ್ಕ ನಿಧಾನ ಹೋಗ್ರಿ ಅಂತ, ಮಾಮಾ. ಸಾಲಿ ಕೂಡೂ ಹೊತ್ತಿರಬೇಕು."

ಮಾತು ಸರಿಯೆನಿಸಿತು. ಬಸ್ಸು ಅಲ್ಲಿಗೆ ಬರುವುದು ಹನ್ನೆರಡಕ್ಕೆ. ಹೀಗಾಗಿ ಯಮನೂರಸಾಬ ಕಾಯದೆಗೆ ಪೂರಾ ತಲೆಬಾಗಿ, ಎಂದಿನಂತೆ ಮಂದಿಯ ರುಮಾಲು ಹಾರುವ ಹಾಗೆ ಬಸ್ಸು ಹೊಡೆಯುತ್ತ ಬಂದ.

ಎಂಟನೆಯ ದಿನ ಬೇವಿನ ಗಿಡದ ಕೆಳಗಿಂದ ಪೊಲೀಸ್ ಫೌಜದಾರ ಸೀಟಿ ಊದಿದ. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವನು. "ಬೋರ್ಡು ಕಾಣಲ್ವೇನಯ್ಯಾ? ಲೈಸೆನ್ಸ್ ಕೊಡು. ರದ್ದು ಮಾಡಿಸ್ತೀನಿ."

ಯಮನೂರಸಾಬ ಕೆಳಗಿಳಿದು ಲೈಸೆನ್ಸ್ ಕೊಟ್ಟ. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬಿಲ್ಲ. "ಈಗ ಹನ್ನೆರಡ ಆಗೈತಲ್ರಿ ಸಾಹೇಬ್ರ. ಹತ್ತಕ್ಕ ಬಂದಿದ್ರ ನಿಧಾನ ಹೊಡೀತಿದ್ದೆರಿ."

"ಯಾವ ಹತ್ತಕ್ಕೆ? ಗಂಟೆಗೆ ಹತ್ತು ಮೈಲಿ ಕಣಯ್ಯಾ!"

"ಹಂಗಾರ ತಾಸಿಗೆ ಅಂತ ಬರೀಬೇಕಿಲ್ರಿ? ಅರವತ್ತ ನಿಮಿಷಕ್ಕ ನಾವು ತಾಸು ಅಂತೀವ್ರಿ," ಎಂದ ಕಳಕಪ್ಪ. "ಮತ್ತ ಮೈಲು ಎಲ್ಲೈತ್ರಿ ಅದರಾಗ?"

ಫೌಜದಾರ ತಿರುಗಿ ನೋಡಿದ. ಮೈಲಿ ಇರಲಿಲ್ಲ. ಹಲಗೆ ಸಾಲದ್ದಕ್ಕೆ ಬಣ್ಣದವನು ಅದನ್ನು ಕೈಬಿಟ್ಟಿದ್ದ.

ಅಷ್ಟರಲ್ಲಿ ಬಸ್ಸೆಲ್ಲ ಖಾಲಿಯಾಗಿ ಬೋರ್ಡಿನ ಸುತ್ತ ನೆರೆದಿತ್ತು. ಸಂತೆಗೆ ಹೊರಟಿದ್ದ ಹೊಳೆವ್ವ, "ಗಂಟಿ ಅಂದ್ರ ಗಂಟಿನ. ಇಲ್ಲೆ ಹತ್ತ ಸಲ ಹಾರ್ನ್ ಹೊಡೀಬೇಕು," ಎಂದು ತೀರ್ಪು ಕೊಟ್ಟಳು. ಗದ್ದಲ ಕೇಳಿ ಬಂದ ಈಶಪ್ಪ ಮಾಸ್ತರರು ಗಾಬರಿಯಾದರು. "ನಮ್ಮ ಸಾಲಿ ಹನ್ನೊಂದಕ್ಕ ಇತ್ರಿ. ಸರಕಾರದ ಹುಕುಂ ಅಂತ ತಿಳದು ಹತ್ತಕ್ಕ ತಂದೇನಲ್ರಿ!" ಹಿಂದಿನಿಂದ ಮೈಲಾರಪ್ಪನೆಂಬ ಒಕ್ಕಲಿಗ ಕೇಳಿದ: "ಮುಂಬೈ ಲೈಸೆನ್ಸಿಗೆ ಮೈಸೂರ ಬೋರ್ಡು ಹತ್ತತೈತೇನ್ರಿ?"

ಅನ್ವಯಿಸುತ್ತದೆಯೇ ಎಂಬರ್ಥದ ಆ ಮಾತನ್ನು ಇನ್ನೊಂದು 'ಹತ್ತು' ಎಂದು ತಿಳಿದು ಫೌಜದಾರ ಬೆದರಿದ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಎಲ್ಲಾ ಸುಮ್ನಿರಿ! ಓಡಿಸೋನು ಹೇಳಲಿ. ಎಲ್ಲಿದೆಯಯ್ಯಾ ಹತ್ತು ಗಂಟೆ, ತೋರಿಸು."

ಯಮನೂರಸಾಬ ಧೈರ್ಯ ಮಾಡಿ ಬೋರ್ಡಿನ ಮೇಲಿನ ಸಾಲಿಗೆ ಬೆರಳಿಟ್ಟ. "ಇಲ್ಲೇ ಐತಲ್ರಿ."

ಬೆರಳು 'ನಿಧಾನ'ದ ಮೇಲಿತ್ತು. ಮಂದಿ ತಮ್ಮ ವಾದದಲ್ಲಿದ್ದರು, ಯಾರೂ ನೋಡಲಿಲ್ಲ. ಫೌಜದಾರ ನೋಡಿದ. ಅವನ ದನಿ ತಗ್ಗಿತು. ಬಾನೆಟ್ಟಿನ ಮೇಲೆ ಕಾಗದವಿಟ್ಟು ಎರಡು ಪ್ರತಿ ಬರೆದ. "ಓದಿ ನೋಡಿ. ಒಪ್ಪಿಗೆಯಾದರೆ ಸಹಿ ಮಾಡಿ," ಎಂದ, ಈಗ ಬಹುವಚನದಲ್ಲಿ.

ಯಮನೂರಸಾಬ ಸಾವಕಾಶವಾಗಿ ಕಣ್ಣಾಡಿಸಿ, "ಬರೋಬರ್ ಐತ್ರಿ," ಎಂದು ಸಹಿ ಮಾಡಿದ. ಫೌಜದಾರ ಒಂದು ಪ್ರತಿಯನ್ನೂ ಲೈಸೆನ್ಸನ್ನೂ ಅವನ ಕೈಗಿತ್ತ. ಮಂದಿ ತಾವೇ ಗೆದ್ದವರಂತೆ ಬಸ್ಸು ಹತ್ತಿದರು.

ಊರು ದಾಟಿದ ಮೇಲೆ ಕಳಕಪ್ಪ ಕೇಳಿದ: "ಏನ್ ಬರದಾನ, ಮಾಮಾ?"

"ನೀನ ಓದಪಾ, ನನ್ನ ಕೈ ಸ್ಟೇರಿಂಗ್ ಮ್ಯಾಲ ಅದಾವು."

ಕಳಕಪ್ಪ ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದಿದ: "'ನನಗೆ ಓದಲು ಬರುವುದಿಲ್ಲ. ಇಂದಿನ ಪ್ರಯಾಣ ಮುಗಿದ ಮೇಲೆ, ಓದು ಕಲಿಯುವ ತನಕ ನಾನು ಬಸ್ಸು ಓಡಿಸುವುದಿಲ್ಲ. ಇದನ್ನು ಸ್ವತಃ ಓದಿ ಸಹಿ ಮಾಡಿದ್ದೇನೆ.'"

ಬಸ್ಸು ನಿಂತಿತು. ಹಿಂದಿನ ಹರಟೆಯೂ ನಿಂತಿತು. ಕಿಸೆಯಲ್ಲಿನ ಲೈಸೆನ್ಸ್ ಓಡಿಸು ಎನ್ನುತ್ತಿತ್ತು, ಕಳಕಪ್ಪನ ಕೈಯ ಕಾಗದ ಬೇಡ ಎನ್ನುತ್ತಿತ್ತು. ಎರಡರಲ್ಲಿ ಯಾವುದು ಕಾಯದೆಯೋ ಯಮನೂರಸಾಬನಿಗೆ ತಿಳಿಯಲಿಲ್ಲ.

"ಖೊಟ್ಟಿ ಕಾಗದ ಇದು, ಮಾಮಾ," ಎಂದ ಕಳಕಪ್ಪ. "ಓದಾಕ ಬರದಂವ ಓದಿ ಸಹಿ ಹ್ಯಾಂಗ ಮಾಡ್ತಾನ? ಕೋರ್ಟಿನ್ಯಾಗ ನಿಲ್ಲಂಗಿಲ್ಲ. ನಂಗ ಓದಾಕ ಬರತೈತಿ ಅಂದ್ಬಿಡ್ರಿ, ಮುಗೀತು."

ಯಮನೂರಸಾಬ ಕಾಗದ ಇಸಿದುಕೊಂಡು ಬಹಳ ಹೊತ್ತು ನೋಡಿದ.

"ಬರಂಗಿಲ್ಲಪಾ, ಕಳಕಪ್ಪ," ಎಂದ.

ಆ ಇಡೀ ಕಾಗದದಲ್ಲಿ ಅವನಿಗೆ ಗುರುತು ಸಿಕ್ಕದ್ದು ಕೆಳಗಿದ್ದ ತನ್ನ ಹೆಸರೊಂದೇ.