ಕೆಂಪಿ ಮೀನಿನ ಆಪರೇಷನ್ನು

ಒಬ್ಬರಿಗೆಂದು ತಂದ ಮಾತ್ರೆ ಮನೆಯಲ್ಲಿ ಉಳಿದಿರುತ್ತದೆ. ಇನ್ನೊಬ್ಬರು ಹುಷಾರು ತಪ್ಪಿದರೆ ಅದನ್ನೇ ಕೊಡುತ್ತೇವೆ. ಭದ್ರಾವತಿಯ ಜನ್ನಾಪುರದ ಓಂಕಾರಪ್ಪ ಅದನ್ನು ಮೀನಿಗೆ ಕೊಟ್ಟರು.

ಅವರ ಹೆಂಡತಿ ಸುಭದ್ರಮ್ಮನ ಟೈಲರಿಂಗ್ ಅಂಗಡಿಯಲ್ಲೊಂದು ಗಾಜಿನ ತೊಟ್ಟಿ. ಅದರಲ್ಲಿ ಆರು ವರ್ಷದ ಗೋಲ್ಡ್‌ಫಿಶ್, ಹೆಸರು ಕೆಂಪಿ. ಬ್ಲೌಸ್ ಅಳತೆಗೆ ಬಂದವರೆಲ್ಲ ಮೊದಲು ಕೆಂಪಿಯನ್ನು ಮಾತಾಡಿಸುತ್ತಿದ್ದರು. ಅದರ ಪಕ್ಕೆಯಲ್ಲಿ ಕಡಲೆಕಾಳಿನಷ್ಟು ಗಡ್ಡೆ ಎದ್ದಿತು. ಓಂಕಾರಪ್ಪ ತಮ್ಮ ಹಲ್ಲುನೋವಿಗೆ ತಂದಿದ್ದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿದರು. ಎರಡು ದಿನಕ್ಕೆ ನೀರು ಮಬ್ಬಾಯಿತು. ಕೆಂಪಿ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಗಡ್ಡೆ ಮಾತ್ರ ಹಾಗೇ ಇತ್ತು.

"ಶಿವಮೊಗ್ಗದಲ್ಲಿ ಸಂಘಮಿತ್ರಾ ಅಂತ ಪಶು ಡಾಕ್ಟ್ರು ಮೀನೂ ನೋಡ್ತಾರಂತೆ. ಹೋಗಣ ನಡೀರಿ," ಎಂದರು ಸುಭದ್ರಮ್ಮ.

"ಮೀನಿಗೆ ಡಾಕ್ಟ್ರಾ ಮಾರಾಯ್ತಿ! ಬಸ್ಸಲ್ಲಿ ಜನ ನಗ್ತಾರೆ."

"ನಗಲಿ ಬಿಡಿ."

ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ, ಕೆಂಪಿಯನ್ನು ಬಿಟ್ಟುಕೊಂಡು ಹೋದರು. ಡಾಕ್ಟರು ಮೀನಿಗಿಂತ ಮೊದಲು ನೀರು ಪರೀಕ್ಷಿಸಿದರು.

"ನೀರಲ್ಲಿ ಅಮೋನಿಯಾ ಏರಿದೆ, ಅದು ಮೀನಿಗೆ ವಿಷ. ಏನ್ ಹಾಕಿದ್ರಿ?"

ಓಂಕಾರಪ್ಪ ಮೆಲ್ಲಗೆ ಕ್ಯಾಪ್ಸೂಲಿನ ವಿಷಯ ಹೇಳಿದರು.

"ತೊಟ್ಟಿ ಫಿಲ್ಟರಲ್ಲಿ ಒಳ್ಳೇ ಬ್ಯಾಕ್ಟೀರಿಯಾನೂ ಇರುತ್ವೆ. ಮೀನಿನ ಹೊಲಸಿಂದ ಬರೋ ಅಮೋನಿಯಾನ ಕರಗಿಸೋದು ಅವೇ. ನಿಮ್ಮ ಔಷಧಿ ಅವನ್ನೇ ಕೊಂದಿರೋ ಹಂಗಿದೆ. ಈ ಗಡ್ಡೆಗೂ ಆ ಔಷಧಿಗೂ ಸಂಬಂಧನೇ ಇಲ್ಲ."

ಮೂರು ದಿನ ಕೆಂಪಿಯನ್ನು ಅಲ್ಲೇ ಒಳ್ಳೆಯ ನೀರಿನಲ್ಲಿಟ್ಟು ನಾಲ್ಕನೆಯ ದಿನ ಆಪರೇಷನ್ ಮಾಡಿದರು. ನಗುತ್ತಾರೆಂದು ಅಂಜಿದ್ದ ಓಂಕಾರಪ್ಪನೇ ಎಲ್ಲರಿಗಿಂತ ಮುಂದೆ ನಿಂತು ಇಣುಕಿದರು. ಅರಿವಳಿಕೆ ಬೆರೆಸಿದ ನೀರಿನಲ್ಲಿ ಕೆಂಪಿ ನಿಧಾನಕ್ಕೆ ವಾಲಿತು. ಅದನ್ನು ಒದ್ದೆ ಸ್ಪಂಜಿನ ಮೇಲೆ ಮಲಗಿಸಿದರು. ಬಾಯಿಗೆ ಸಣ್ಣ ಪೈಪಿಟ್ಟು ಕಿವಿರುಗಳಿಗೆ ನೀರು ಹರಿಸುತ್ತಲೇ ಗಡ್ಡೆ ತೆಗೆದು ಹೊಲಿಗೆ ಹಾಕಿದರು.

"ಅಬ್ಬಾ, ನನಗಿಂತ ಸಣ್ಣ ಹೊಲಿಗೆ!" ಎಂದರು ಸುಭದ್ರಮ್ಮ.

"ಈಗಾದ್ರೂ ಆಂಟಿಬಯಾಟಿಕ್ ಕೊಡ್ತೀರಲ್ಲ ಡಾಕ್ಟ್ರೇ? ಗಾಯ ನೀರಲ್ಲೇ ಇರುತ್ತಲ್ಲ?" ಎಂದು ಕೇಳಿದರು ಓಂಕಾರಪ್ಪ.

"ಒಳ್ಳೇ ಪ್ರಶ್ನೆ. ಸಾಮಾನೆಲ್ಲ ಶುದ್ಧ ಮಾಡಿ ಬಳಸಿದೀವಿ. ನೀರು ಚೆನ್ನಾಗಿದ್ರೆ ಇಂಥ ಸಣ್ಣ ಗಾಯ ತಾನೇ ಮಾಯುತ್ತೆ. ಸೋಂಕಾದ್ರೆ ಯಾವ ರೋಗಾಣು ಅಂತ ಪರೀಕ್ಷೆ ಮಾಡಿ, ಮೀನಿನ ತೂಕ ನೋಡಿ ಔಷಧಿ ಕೊಡ್ತೀನಿ. ಸುಮ್ನೆ ಸುರೀತಾ ಹೋದ್ರೆ ರೋಗಾಣು ಆ ಔಷಧಿಗೆ ಬಗ್ಗೋದೇ ಇಲ್ಲ. ಅಂಥ ರೋಗಾಣು ಇರೋ ತೊಟ್ಟಿ ನೀರು ಚರಂಡಿ ಸೇರಿ ಹೊಳೆಗೆ ಹೋಗುತ್ತೆ. ನಾಳೆ ನಿಮ್ಮ ಹಲ್ಲಿಗೇ ಆ ಮಾತ್ರೆ ಕೆಲಸ ಮಾಡದೆ ಹೋಗ್ಬಹುದು."

ಓಂಕಾರಪ್ಪ ದವಡೆ ಸವರಿಕೊಂಡರು.

ಎರಡು ವಾರಕ್ಕೆ ಗಾಯ ಮಾಯಿತು. ಈಗ ಪ್ರತಿ ಭಾನುವಾರ ಕಿಟ್ ಹಿಡಿದು ಅಂಗಡಿಯ ತೊಟ್ಟಿಯ ನೀರು ಪರೀಕ್ಷಿಸುವವರು ಓಂಕಾರಪ್ಪನೇ. ಮೊನ್ನೆ ನೆರೆಮನೆಯ ವೇದಾವತಿ, "ನಮ್ಮ ಮೀನೂ ಮಂಕಾಗಿದೆ, ಯಾವ ಮಾತ್ರೆ ಹಾಕ್ಲಿ?" ಎಂದು ಕೇಳಿದರು.

"ಮಾತ್ರೆ ಆಮೇಲೆ ತಾಯಿ. ಮೊದ್ಲು ಒಂದು ಲೋಟ ನೀರು ತನ್ನಿ, ನೋಡಣ," ಎಂದರು ಓಂಕಾರಪ್ಪ.

ನಿಮ್ಮದು ಗಾಜಿನ ತೊಟ್ಟಿಯಿರಲಿ, ಮೀನು ಸಾಕುವ ಹೊಂಡವಿರಲಿ, ಮೀನು ಸೊರಗಿದರೆ ನೀವೂ ಮೊದಲು ನೀರು ನೋಡಿ. ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದನ್ನು ಪಶುವೈದ್ಯರೇ ಹೇಳಲಿ.